ನಾವು ಬೆಕ್ಕು ಸಾಕಿಲ್ರಿ!

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನಿ ಕಟ್ಟಿ ಮ್ಯಾಲೆ, ನಿಮ್ಮ ಚಪ್ಪಲಿ ಮ್ಯಾಲೆ ತಲಿ ಇಟ್ಟು ಮಲಗೈತಲ್ಲ, ಆ ಬೆಕ್ಕು ಯಾರದು? ಏನಂತೀರಿ ಅಂತ ಗೊತ್ತು ನನಗೆ. "ಅಯ್ಯ, ನಾವು ಬೆಕ್ಕು ಸಾಕಿಲ್ರಿ. ಅದ ಬರ್ತೈತಿ, ಅದ ಹೋಗ್ತೈತಿ." ಯಶವಂತನಗರದಿಂದ ಹೊಸಪೇಟೆ ತನಕ ಯಾರ ಮನಿಗೆ ಹೋದ್ರೂ ಇದೇ ಉತ್ತರ. ಬೆಕ್ಕು ಸಾಕಿದವರು ಒಬ್ರೂ ಇಲ್ಲ, ಬೆಕ್ಕು ಮಾತ್ರ ಓಣಿಗೆ ಎಂಟು!

ಸಾಕಿಲ್ಲ, ಆದ್ರ ಹೆಸರು ಇಟ್ಟೀರಿ. ಸಾಕಿಲ್ಲ, ಆದ್ರ ಹಿತ್ತಲ ಬಾಗಲ ಹತ್ರ ನೆಗ್ಗಿದ ಸ್ಟೀಲ್ ತಟ್ಟಿ ಒಂದು ಅದಕ್ಕಂತ ಐತಿ. ನಂದಿನಿ ಪಾಕೀಟು ಕತ್ತರಿಸಿದ ಕೂಡ್ಲೆ ಮೊದಲ ಗುಟುಕು ಯಾರ ಹೊಟ್ಟಿಗೆ ಹೋಗ್ತೈತಿ ಅಂತ ನಿಮ್ಮ ಮನಿಯವರಿಗೆ ಚೆನ್ನಾಗಿ ಗೊತ್ತೈತಿ. (ಕೇಳಿದ್ರ "ಹಾಲು ಒಡದಿತ್ತು, ಚೆಲ್ಲೋದ್ಯಾಕ ಅಂತ ಹಾಕ್ದೆ" ಅಂತೀರಿ. ಪಾಪ, ನಿಮ್ಮ ಮನಿ ಹಾಲು ದಿನಾ ಒಡೀತೈತಿ!)

ನಮ್ಮ ಕಡಿ ಬೆಕ್ಕಿನ ಬಣ್ಣದ ಸುದ್ದಿ ಹೊರಗಿನವರಿಗೆ ಹೇಳಿದ್ರ ನಂಬಂಗಿಲ್ಲ. ಹುಟ್ಟಿದಾಗ ಬೆಳ್ಳಗ ಇರ್ತೈತಿ. ಓಣಿಯಾಗ ಅಡ್ಡಾಡಾಕ ಶುರು ಮಾಡಿದ ಮ್ಯಾಲೆ ಮೂಗಿನ ತುದಿಯಿಂದ ಬಾಲದ ತನಕ ಅದಿರಿನ ಬಣ್ಣ. ಅದಿರಿನ ಟಿಪ್ಪರ್ ಹೋಗೋದನ್ನ ಕಾದು ಕುಂತು, ನೆಕ್ಕಿ ನೆಕ್ಕಿ ಎದಿಯಷ್ಟು ಬಿಳಿ ಮಾಡ್ಕೋತೈತಿ. ಅಷ್ಟರಾಗ ಇನ್ನೊಂದು ಟಿಪ್ಪರ್. ಅದರ ಒರಿಜಿನಲ್ ಕಲರ್ ನೋಡ್ಬೇಕಂದ್ರ ಮಳಿಗಾಲಕ್ಕೆ ಬರ್ಬೇಕು. (ನಿಮ್ಮ ಬಿಳಿ ಅಂಗಿ ಕತಿನೂ ಇದ ಅಲ್ಲೇನ್ರಿ?)

ಇನ್ನೊಂದು ತಮಾಷೆ ಐತಿ. ಮುಂಜಾನೆ ಬೈಕ್ ತಗೊಂಡು ಸಂಡೂರು ಕಡಿ ಹೊಂಟೀರಿ, ಬೆಕ್ಕು ಅಡ್ಡ ಬಂತು. ಗಪ್ಪನ ಬ್ರೇಕ್! ಬೈಕ್ ಬದಿಗೆ ಹಾಕಿ, ಫೋನ್ ನೋಡೋ ನಾಟಕ ಮಾಡ್ತಾ, ಬ್ಯಾರೆ ಯಾರಾದ್ರೂ ಮೊದಲು ದಾಟ್ಲಿ ಅಂತ ಕಾಯ್ತೀರಿ. ಹಿಂದಿನವರೂ ಅದನ್ನ ಮಾಡ್ತಾರ, ಅವರ ಹಿಂದಿನವರೂ ಅದನ್ನ. ರಾತ್ರಿ ಅದ ಬೆಕ್ಕು ನಿಮ್ಮ ಹೊಟ್ಟಿ ಮ್ಯಾಲೆ ಅಡ್ಡ ಮಲಗ್ತೈತಿ. ಆವಾಗ ಅಪಶಕುನ ಎಲ್ಲಿಗೆ ಹೋತು?

ಹೋಗ್ಲಿ ಬಿಡ್ರಿ, ನಾನು ಕೇಳ್ಬೇಕಂದದ್ದು ಅದಲ್ಲ. ನೀವು ಅದರ ಮುಂದ ಕುಂತು ಏನು ಮಾತಾಡ್ತೀರಿ ಅನ್ನೋದು ನನ್ನ ಪ್ರಶ್ನಿ. ಇಲ್ಲ ಅನ್ನಬ್ಯಾಡ್ರಿ. ಕೇಳಿಸ್ಕೊಂಡವರು ಅದಾರ.

ರಾತ್ರಿ ಊಟ ಆದ ಮ್ಯಾಲೆ ಓಣಿಯಾಗ ಒಂದು ಸುತ್ತು ಹಾಕ್ರಿ. ಮೈನ್ಸಿನಿಂದ ರಿಟೈರ್ ಆದ ಒಬ್ರು ದೊಡ್ಡಪ್ಪ ಕಟ್ಟಿ ಮ್ಯಾಲೆ ಕುಂತಿರ್ತಾರ. ಮನಿಯಾಗ ಇಡೀ ದಿನ ಅವರ ಬಾಯಿಂದ ಬರೋ ಮಾತು ಎರಡ: "ಹ್ಞೂಂ" ಮತ್ತ "ಚಾ". ಬೆಕ್ಕು ಬಂತಂದ್ರ ನೋಡ್ರಿ ಶುರು: "ಯಾಕಲೇ ಇವತ್ತು ಇಷ್ಟು ತಡಾ? ಉಂಡೇನು? ಕಾಲಿಗೇನು ಮಾಡ್ಕೊಂಡಿ, ತೋರ್ಸು ಇಲ್ಲಿ. ನನ್ನ ಮಂಡಿನೂ ಹಂಗ ಐತಿ ಮಾರಾಯ, ಯಾರಿಗೆ ಹೇಳ್ಲಿ..." ಒಳಗ ಸೊಸಿ ಪಾತ್ರಿ ತಿಕ್ಕೋದು ನಿಲ್ಲಿಸಿ ಕಿವಿ ಕೊಡ್ತಾಳ. ಮಾವನ ಮಂಡಿ ನೋವಿನ ಸುದ್ದಿ ಆಕಿಗೆ ಬೆಕ್ಕಿನ ಮುಖಾಂತರ ತಿಳೀಬೇಕು!

ಆಕಿನೂ ಏನು ಕಮ್ಮಿ ಇಲ್ಲ. ಮಧ್ಯಾಹ್ನ ಎಲ್ಲರೂ ಹೊರಗ ಹೋದ ಮ್ಯಾಲೆ ಜೋಳದ ಹಿಟ್ಟು ಜರಡಿ ಹಿಡಕೋತ ತವರುಮನಿ ಸುದ್ದಿ, ನಾದಿನಿ ಸುದ್ದಿ, ಚೀಟಿ ರೊಕ್ಕದ ಸುದ್ದಿ ಎಲ್ಲಾ ಅದರ ಮುಂದ ಇಡ್ತಾಳ. ಟೆಂತ್ ಓದೋ ಹುಡುಗ ಗಣಿತದಾಗ 34 ತಗೊಂಡದ್ದು ಮನಿಯಾಗ ಮೊದಲು ಗೊತ್ತಾಗಿದ್ದು ಯಾರಿಗೆ ಅಂತೀರಿ? ಮೂರು ದಿನ ಆ ಗುಟ್ಟು ಬೆಕ್ಕಿನ ಹೊಟ್ಟಿಯಾಗ ಭದ್ರ ಇತ್ತು.

2011ರ ಜುಲೈನಾಗ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆ ದಿನ ನೆನಪು ಮಾಡ್ಕೋರಿ. ಓಣಿ ತುಂಬ ಲಾರಿ ನಿಂತವು, ಕಟ್ಟಿ ತುಂಬ ಗಂಡಸರು ಕುಂತ್ರು. ಲಾರಿ ಕಂತು ಎಷ್ಟು ಬಾಕಿ ಐತಿ ಅಂತ ಹೆಂಡ್ತಿಗೆ ಹೇಳಾಕ ಮನಸ್ಸಿಲ್ಲ, ಅಣ್ಣ-ತಮ್ಮಂದಿರಿಗೆ ಹೇಳಾಕ ನಾಚಿಕೆ. ಆ ಕಾಲದ ಬೆಕ್ಕಿಗೆ ಬಾಯಿ ಬಂದಿದ್ರ ಫೈನಾನ್ಸಿನವರಿಗಿಂತ ಚೊಕ್ಕ ಲೆಕ್ಕ ಒಪ್ಪಿಸ್ತಿತ್ತು.

ಬೆಕ್ಕಿಗ್ಯಾಕ ಹೇಳ್ತೀರಿ ಅಂತ ಕೇಳಿದ್ರ ಉತ್ತರ ಸುಲಭ ಐತಿ. ಅದು ತಿರುಗಿ ಬುದ್ಧಿ ಹೇಳಂಗಿಲ್ಲ! ಮನುಷ್ಯಾರ ಮುಂದ ಒಂದು ಸಂಕಟ ಹೇಳಿ ನೋಡ್ರಿ. "ನಾನು ಮೊದಲ ಹೇಳಿದ್ದೆ" ಅನ್ನೋರು ಒಬ್ರು, "ನಮ್ಮ ಭಾವನಿಗೂ ಹಿಂಗ ಆಗಿತ್ತು, ತೀರಿಕೊಂಡ್ರು" ಅನ್ನೋರು ಇನ್ನೊಬ್ರು. ಬೆಕ್ಕು ಕೇಳ್ತೈತಿ, ಆಕಳಸ್ತೈತಿ, ಕಾಲು ನೆಕ್ಕೋತೈತಿ. (ಮರುದಿನ ನಳದ ಹತ್ರ ನಿಮ್ಮ ಸುದ್ದಿ ಹರಡಂಗಿಲ್ಲ. ಈ ಒಂದು ಗುಣ ಇರೋ ಮನುಷ್ಯಾರು ಸಿಕ್ರ ನನಗೂ ತಿಳಿಸ್ರಿ.)

ನೀವು ಸಾಕಿಲ್ಲ ಅನ್ನೋ ಈ ಪ್ರಾಣಿಗೆ ಹೊರದೇಶದಾಗ ನೌಕರಿ ಐತಿ, ಗೊತ್ತೇನ್ರಿ? ಥೆರಪಿ ಕ್ಯಾಟ್ ಅಂತ ಪೋಸ್ಟು. ಆಸ್ಪತ್ರಿಗೆ, ವೃದ್ಧಾಶ್ರಮಕ್ಕೆ ಡ್ಯೂಟಿ. ಮುದುಕರ ತೊಡಿ ಮ್ಯಾಲೆ ಸುಮ್ಮನ ಕುಂದ್ರೋದ ಕೆಲಸ. ಹಂಗಂತ ಎಲ್ಲಾ ಬೆಕ್ಕನ್ನೂ ತಗೊಳ್ಳಂಗಿಲ್ಲ ಮತ್ತ. ಗುರ್ತಿಲ್ಲದವರು ಎತ್ಕೊಂಡ್ರ ಪರಚಬಾರ್ದು, ಸಪ್ಪಳ ಆದ್ರ ಬೆದರಬಾರ್ದು, ಇಂಜೆಕ್ಷನ್ ಎಲ್ಲಾ ಆಗಿರ್ಬೇಕು. ಈ ಇಂಟರ್‌ವ್ಯೂಗೆ ನಮ್ಮ ಓಣಿ ಮಾಳಬೆಕ್ಕನ್ನ ಕಳಿಸಿದ್ರ ಇಂಟರ್‌ವ್ಯೂ ಮಾಡೋರ ಕೈಗೆ ಬ್ಯಾಂಡೇಜ್ ಖಂಡಿತ.

ಬೆಕ್ಕು ಸವರಿದ್ರ ಮನಸ್ಸು ಹಗುರ ಆಗ್ತೈತೇನು ಅಂತ ಲೆಕ್ಕಾಚಾರನೂ ಮಾಡ್ಯಾರ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು 249 ವಿದ್ಯಾರ್ಥಿಗಳನ್ನ ಗುಂಪು ಮಾಡಿ, 2019ರಾಗ ಅದರ ವರದಿ ಪ್ರಿಂಟ್ ಹಾಕಿದ್ರು. ಒಂದು ಗುಂಪಿಗೆ ಹತ್ತು ನಿಮಿಷ ಬೆಕ್ಕು-ನಾಯಿ ಮೈ ಸವರಾಕ ಬಿಟ್ರು. ಇನ್ನೊಂದು ಗುಂಪು ಸವರೋರನ್ನ ನೋಡ್ತಾ ನಿಂತಿತ್ತು. ಮತ್ತೊಂದಕ್ಕೆ ಅದ ಪ್ರಾಣಿಗಳ ಫೋಟೋ ತೋರಿಸಿದ್ರು. ಆಮ್ಯಾಲೆ ಎಲ್ಲರ ಉಗುಳು ತಗೊಂಡು ಕಾರ್ಟಿಸಾಲ್ ಅಳದ್ರು. (ಟೆನ್ಶನ್ ಆದಾಗ ಮೈಯಾಗ ಏರೋ ಹಾರ್ಮೋನು ಅದು. ಕರೆಂಟ್ ಬಿಲ್ ನೋಡಿದಾಗ ನಿಮಗೆ ಏರ್ತೈತಲ್ಲ, ಅದ.)

ಕೈಯಿಂದ ಮುಟ್ಟಿ ಸವರಿದವರ ಕಾರ್ಟಿಸಾಲ್ ಉಳಿದವರಿಗಿಂತ ಕಮ್ಮಿ ಇತ್ತು. ಫೋಟೋ ನೋಡಿದವರಿಗೆ ಆ ಲಾಭ ಸಿಗಲಿಲ್ಲ. ಕೇಳಿಸ್ತೇನ್ರಿ? ದಿನಾ ಮುಂಜಾನೆ ಫ್ಯಾಮಿಲಿ ಗ್ರೂಪಿಗೆ ಬೆಕ್ಕಿನ ರೀಲ್ಸ್ ಕಳಿಸೋರು ಸ್ವಲ್ಪ ಇತ್ತ ಲಕ್ಷ್ಯ ಕೊಡ್ರಿ. ಅದರಿಂದ ಡೇಟಾ ಖರ್ಚಾಗ್ತೈತಿ, ಟೆನ್ಶನ್ ಕಮ್ಮಿ ಆಗಂಗಿಲ್ಲ.

ಇನ್ನ ಆ ಗುರ್ ಗುರ್. ತೊಡಿ ಮ್ಯಾಲೆ ಮಲಗಿ ಶುರು ಮಾಡಿದ್ರ, ದೂರದಾಗ ಟಿಪ್ಪರ್ ನ್ಯೂಟ್ರಲ್‌ನಾಗ ನಿಂತಂಗ ಕೇಳಿಸ್ತೈತಿ. ಸೆಕೆಂಡಿಗೆ ಸುಮಾರು 25-30 ಸಲದ ನಡುಕ ಅದು. ಆ ಸಪ್ಪಳಕ್ಕೆ ಮುರಿದ ಎಲುಬು ಕೂಡ್ತೈತಿ ಅಂತ ವಾಟ್ಸಾಪ್‌ನಾಗ ಬಂದಿದ್ರ ನಂಬಬ್ಯಾಡ್ರಿ. ಅದು ಊಹೆ, ಸಾಬೀತಾಗಿಲ್ಲ. ಬೆಕ್ಕು ಖುಷಿಯಾದಾಗಷ್ಟ ಅಲ್ಲ, ನೋವಾದಾಗನೂ ಗುರ್ ಅಂತೈತಿ. ಎಲುಬು ಮುರದ್ರ ಆಸ್ಪತ್ರಿಗ ಹೋಗ್ರಿ.

ನಿಮ್ಮನ್ನ ಕುಣಿಸಾಕ ಅದರ ಹತ್ರ ಇನ್ನೊಂದು ರಾಗ ಐತಿ. ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯ ಕ್ಯಾರೆನ್ ಮೆಕೂಂಬ್ ಮತ್ತ ಅವರ ಜೊತಿಯವರು 2009ರಾಗ ಇದನ್ನ ಹಿಡದ್ರು. ಹಸಿವಾದಾಗ ಬೆಕ್ಕು ತನ್ನ ಗುರ್ ಗುರ್ ಒಳಗ ಕೂಸಿನ ಅಳುವಿಗೆ ಹತ್ತಿರದ ಒಂದು ಸಣ್ಣ ಕೀರಲು ದನಿ ಸೇರಸ್ತೈತಂತ. ಮುಂಜಾನೆ ಐದಕ್ಕೆ ನಿಮ್ಮ ಕಿವಿ ಹತ್ರ ಬಂದು ಮಾಡ್ತೈತಲ್ಲ, ಅದ! ಹೆಂಡ್ತಿ ಕೂಗಿದ್ರ ಏಳದ ನೀವು ಆ ದನಿಗೆ ಟಕ್ಕಂತ ಎದ್ದು ಅಡಿಗಿ ಮನಿಗೆ ಹೋಗ್ತೀರಿ. ಈಗ ಹೇಳ್ರಿ, ಯಾರನ್ನ ಯಾರು ಸಾಕ್ಯಾರ?

ಹೃದಯದ ಸುದ್ದಿನೂ ಐತಿ. ಅಮೆರಿಕದಾಗ 4,435 ಮಂದಿಯ ವರ್ಷಗಟ್ಟಲೆ ದಾಖಲೆ ಇಟ್ಕೊಂಡು ಮಿನೆಸೋಟಾದ ಸಂಶೋಧಕರು 2009ರಾಗ ಒಂದು ಲೆಕ್ಕ ಪ್ರಕಟ ಮಾಡಿದ್ರು. ಬೆಕ್ಕು ಸಾಕಿದವರಾಗ ಹಾರ್ಟ್ ಅಟ್ಯಾಕಿನಿಂದ ಸತ್ತವರು ಕಮ್ಮಿ. ಬೆಕ್ಕಿನಿಂದ ಹೃದಯ ಗಟ್ಟಿ ಆತೋ, ಮೊದಲ ತಣ್ಣಗಿರೋ ಮಂದಿ ಬೆಕ್ಕು ಸಾಕ್ತಾರೋ, ಅದು ಈ ಲೆಕ್ಕದಿಂದ ತಿಳಿಯಂಗಿಲ್ಲ. (ನೀವು ಹೆಂಗೂ "ಸಾಕಿಲ್ಲ" ಲಿಸ್ಟಿನಾಗ ಅದೀರಿ, ಈ ಲಾಭ ನಿಮಗೆ ಲಾಗೂ ಇಲ್ಲ.)

ಆಸ್ಕರ್ ಅನ್ನೋ ಬೆಕ್ಕಿನ ಕತಿ ಕೇಳೀರೇನು? ಅಮೆರಿಕದ ಪ್ರಾವಿಡೆನ್ಸ್ ಊರಿನ ಸ್ಟೀರ್ ಹೌಸ್ ಅನ್ನೋ ನರ್ಸಿಂಗ್ ಹೋಮ್‌ನಾಗ ಇತ್ತು. ಮರೆವಿನ ಕಾಯಿಲೆಯ ಮುದುಕರ ವಾರ್ಡು. ಯಾರ ಕೊನಿ ಗಳಿಗಿ ಹತ್ರ ಬಂದೈತೋ ಅವರ ಹಾಸಿಗಿ ಹತ್ತಿ ಸುರುಳಿ ಸುತ್ಕೊಂಡು ಮಲಗ್ತಿತ್ತಂತ. ಡೇವಿಡ್ ಡೋಸಾ ಅನ್ನೋ ಡಾಕ್ಟರು 2007ರಾಗ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಗೆ ಇದನ್ನ ಬರದ್ರು. ಅಲ್ಲಿ ಸಿಬ್ಬಂದಿ ಬೆಕ್ಕು ಮಲಗಿದ್ದು ನೋಡಿ ಮನಿಯವರಿಗೆ ಫೋನ್ ಮಾಡ್ತಿದ್ರು. ಯಾರೂ ಇಲ್ಲದವರಿಗೆ ಆಸ್ಕರ್ ಒಂದ ಪಕ್ಕದಾಗ ಇರ್ತಿತ್ತು.

ಇದು ನಮ್ಮ ತಾಲೂಕಿನಾಗ ಆಗಿದ್ರ? ಬೆಕ್ಕು ಅಜ್ಜನ ಹಾಸಿಗಿ ಹತ್ತಿದ ಸುದ್ದಿ ಹರಡೋ ಮೊದಲ ದೊಡ್ಡ ಮಗ ಪಹಣಿ ತಗೊಂಡು ಬರ್ತಿದ್ದ, ಸಣ್ಣ ಮಗ ವಕೀಲರನ್ನ ಕರ್ಕೊಂಡು ಬರ್ತಿದ್ದ. ಅಜ್ಜ ಕಣ್ಣು ಬಿಟ್ಟು "ಹಚಾ, ಇಳೀ ಕೆಳಗ" ಅಂದು ಬೆಕ್ಕನ್ನ ದಬ್ಬಿ, ಇನ್ನ ಹತ್ತು ವರ್ಷ ಬದುಕ್ತಿದ್ದ.

ನಗೋದು ಸಾಕು, ಒಂದು ಗಟ್ಟಿ ಮಾತು ಹೇಳ್ತೀನಿ. ಮನಸ್ಸಿನ ಕಾಯಿಲೆಗೆ ಊರಿನ ಸರಕಾರಿ ದವಾಖಾನಿಯಾಗ ಔಷಧ ಕೊಡಬಹುದು ಅಂತ ಇಡೀ ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆ ಯಾವುದು ಗೊತ್ತೇನ್ರಿ? ನಮ್ಮ ಬಳ್ಳಾರಿ! 1980ರ ದಶಕದಾಗ ಬೆಂಗಳೂರಿನ ನಿಮ್ಹಾನ್ಸ್‌ನವರು ಇಲ್ಲಿಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಸಿಬ್ಬಂದಿಗೆ ಟ್ರೇನಿಂಗ್ ಕೊಟ್ರು. ಬಳ್ಳಾರಿ ಮಾಡೆಲ್ ಅಂತ ಹೆಸರಾತು. ಅದನ್ನ ನೋಡಿ 1996ರಾಗ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು.

ಬಳ್ಳಾರಿ ಅಂದ್ರ ಬಿಸಿಲು, ಅದಿರು, ಒಗ್ಗರಣಿ-ಮಿರ್ಚಿ ಅಂತ ಎಲ್ಲರಿಗೂ ಹೇಳ್ತೀರಿ. ಇದನ್ನ ಯಾರಿಗಾದ್ರೂ ಹೇಳೀರೇನು? ಇಲ್ಲ. ಯಾಕಂದ್ರ ಮನಸ್ಸಿಗೆ ಔಷಧ ಅನ್ನೋ ಮಾತ ನಿಮಗೆ ಆಗಂಗಿಲ್ಲ. ಮಂಡಿ ನೋವಿಗೆ ಹುಬ್ಬಳ್ಳಿ ತನಕ ಹೋಗ್ತೀರಿ, ಸ್ಕ್ಯಾನಿಂಗ್ ಫಿಲ್ಮ್ ಹಿಡ್ಕೊಂಡು ಊರೆಲ್ಲಾ ತೋರಿಸ್ತೀರಿ. ಆರು ತಿಂಗಳಿಂದ ನಿದ್ದಿ ಇಲ್ಲ, ಊಟ ರುಚಿಸ್ತಿಲ್ಲ ಅಂದ್ರ "ಏ, ನನಗೇನಾಗೇತಿ? ಹುಚ್ಚು ಹಿಡದೈತೇನು?" (ಹಿಂಗ ಹೇಳಿದವರು ಆಮ್ಯಾಲೆ ಹೋಗಿ ಎಲ್ಲಾ ಬೆಕ್ಕಿನ ಮುಂದ ಹೇಳ್ತಾರ. ಅದು ಎಂಬಿಬಿಎಸ್ ಮಾಡಿಲ್ಲ ಮತ್ತ.)

ಬೆಕ್ಕು ಕೇಳೋದಷ್ಟ ಮಾಡ್ತೈತಿ. ಅದರಿಂದ ಆ ರಾತ್ರಿ ಸ್ವಲ್ಪ ಹಗುರ ಆಗ್ತೈತಿ, ಅದು ಖರೆ. ತಿಂಗಳುಗಟ್ಟಲೆ ನಿದ್ದಿ ಬರದಿದ್ರ ಮಾತ್ರ ತಿರುಗಿ ಮಾತಾಡೋರ ಹತ್ರನ ಹೋಗ್ಬೇಕು. ಬಸ್ ಹತ್ತಾಕ ನಾಚಿಕೆ ಆದ್ರ ಫೋನ್ ಐತಿ. ಟೆಲಿ ಮಾನಸ್ ಅಂತ 2022ರಾಗ ಸರಕಾರ ಮಾಡೈತಿ, ನಂಬರ್ 14416, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ತೊಡಿ ಮ್ಯಾಲೆ ಬೆಕ್ಕು ಇಟ್ಕೊಂಡ ಮಾಡ್ರಿ, ಬ್ಯಾಡಂದೋರ್ಯಾರು?

ಹಾಲಿನ ಸುದ್ದಿಗೆ ಮತ್ತ ಬರ್ತೀನಿ. ಇಲ್ಲೇ ಹಂಪಿಯಾಗ ನಡೀತು ಅಂತ ಹೇಳ್ತಾರಲ್ಲ ತೆನಾಲಿ ರಾಮಕೃಷ್ಣನ ಕತಿ? ಇಲಿ ಕಾಟ ಜಾಸ್ತಿ ಆತು ಅಂತ ಕೃಷ್ಣದೇವರಾಯ ಎಲ್ಲರಿಗೂ ಒಂದೊಂದು ಬೆಕ್ಕು, ಅದಕ್ಕೆ ಹಾಲು ಕುಡಿಸಾಕ ಒಂದೊಂದು ಆಕಳು ಕೊಟ್ಟ. ರಾಮಕೃಷ್ಣ ಮೊದಲ ದಿನ ಕುದಿಯೋ ಹಾಲು ಇಟ್ಟ. ಬಾಯಿ ಸುಟ್ಕೊಂಡ ಬೆಕ್ಕು ಆಮ್ಯಾಲೆ ಹಾಲು ಕಂಡ್ರ ಓಟ. ಮನಿ ಮಂದಿಯೆಲ್ಲಾ ಹಾಲು ಕುಡಿದು ದುಂಡಗ ಆದ್ರು.

ಬಾಯಿ ಸುಟ್ಟದ್ದು ತಪ್ಪು, ಅದು ಬ್ಯಾರೆ ಮಾತು. ಆದ್ರ ಈಗಿನ ಪಶುವೈದ್ಯರನ್ನ ಕೇಳಿದ್ರ ಹಾಲಿನ ವಿಷಯದಾಗ ರಾಮಕೃಷ್ಣನ ಕಡಿಗ ಓಟು ಹಾಕ್ತಾರ! ಬೆಳೆದ ಬೆಕ್ಕಿಗೆ ಹಾಲಿನ ಲ್ಯಾಕ್ಟೋಸ್ ಕರಗಿಸೋ ಶಕ್ತಿ ಕಮ್ಮಿ, ಬಾಳ ಬೆಕ್ಕಿಗೆ ಹೊಟ್ಟಿ ಕೆಡ್ತೈತಿ. ಅದಕ್ಕ ಬೇಕಾಗಿರೋದು ಮೀನು, ಮಾಂಸ, ಶುದ್ಧ ನೀರು. ಪ್ರೀತಿ ಹೆಚ್ಚಾಗಿ ದಿನಾ ಅರ್ಧ ಲೋಟ ಹಾಲು ಹಾಕಿ, ಆಮ್ಯಾಲೆ "ಹಿತ್ತಲ ತುಂಬ ಗಲೀಜು ಮಾಡೈತಿ" ಅಂತ ಬೈತೀರಲ್ಲ, ಅದರ ತಪ್ಪೇನೈತಿ ಹೇಳ್ರಿ?

ಸಮಾಧಾನ ಬೇಕಂತ ನೀವು ಅಂಜನಾದ್ರಿ ಗುಡ್ಡದ ಐನೂರಕ್ಕೂ ಜಾಸ್ತಿ ಮೆಟ್ಟಲ ಹತ್ತೀರಿ, ಮ್ಯಾಲೆ ಕೋತಿ ಬಂದು ಬಾಳೆಹಣ್ಣು ಕಸಗೊಂಡು ಹೋಗೈತಿ. ಕೋತಿ ಅಂದ್ರ ನೆನಪಾತು, ದೇವರಿಗೆ ಶರಣಾಗೋದು ಹೆಂಗ ಅಂತ ಶ್ರೀವೈಷ್ಣವರ ಎರಡು ಪಂಗಡದವರ ನಡುವ ಒಂದು ಹಳೇ ಚರ್ಚಿ ಐತಿ. ಕೋತಿ ಮರಿ ತಾಯಿಯನ್ನ ತಾನ ಗಟ್ಟಿಯಾಗಿ ಹಿಡ್ಕೋಬೇಕು, ಅದು ಮರ್ಕಟ ನ್ಯಾಯ. ಬೆಕ್ಕಿನ ಮರಿ ಸುಮ್ಮನ ಇದ್ರ ಸಾಕು, ತಾಯಿ ತಾನ ಕಚ್ಚಿ ಎತ್ಕೊಂಡು ಹೋಗ್ತೈತಿ, ಅದು ಮಾರ್ಜಾಲ ನ್ಯಾಯ. ಒಂದು ಕೈಯಾಗ ಫೋನು, ಒಂದು ಕೈಯಾಗ ಕಂತಿನ ಪುಸ್ತಕ ಹಿಡ್ಕೊಂಡು ಜೋತಾಡೋ ನೀವು ಯಾವ ಪಂಗಡ ಅಂತ ಕೇಳೋದ ಬ್ಯಾಡ.

ಇವತ್ತು ರಾತ್ರಿ ಒಂದು ಕೆಲಸ ಮಾಡ್ರಿ. ಬೆಕ್ಕಿನ ಮುಂದ ಕುಂತು, ಕಣ್ಣು ಸಣ್ಣ ಮಾಡಿ ನಿಧಾನಕ್ಕ ಮುಚ್ಚಿ ತಗೀರಿ. ಸಸೆಕ್ಸಿನವರು 2020ರಾಗ ಇದನ್ನೂ ಪರೀಕ್ಷೆ ಮಾಡ್ಯಾರ. ಹಿಂಗ ಮಾಡಿದ್ರ ಬೆಕ್ಕೂ ನಿಧಾನಕ್ಕ ಕಣ್ಣು ಮಿಟುಕಿಸ್ತೈತಿ, ಗುರ್ತಿಲ್ಲದವರ ಹತ್ರನೂ ಬರಾಕ ಒಪ್ತೈತಿ. (ಬಾಗಲು ಹಾಕ್ಕೊಂಡು ಮಾಡ್ರಿ. ಎದುರು ಮನಿಯವರು ನೋಡಿದ್ರ ಅಪಾರ್ಥ ಆಗ್ತೈತಿ.)

ತೈವಾನಿನ ತೈಪೆಯಾಗ 1998ರಾಗ ಬೆಕ್ಕಿನ ಕೆಫೆ ತೆರೆದ್ರು. ಆಮ್ಯಾಲೆ ಜಪಾನಿಗೆ ಹಬ್ಬಿ ಈಗ ನಮ್ಮ ದೇಶದ ದೊಡ್ಡ ಊರಿಗೂ ಬಂದಾವ. ಕಾಫಿಗೆ ರೊಕ್ಕ ಕೊಟ್ಟು ಬೆಕ್ಕಿನ ಜೋಡಿ ಕುಂದ್ರಬೇಕು. ಯಶವಂತನಗರದಾಗ ಚಾದಂಗಡಿ ಬೆಂಚಿನ ಮ್ಯಾಲೆ ಮಲಗಿರೋ ಬೆಕ್ಕನ್ನ ಎಬ್ಬಿಸಾಕ ಮನಸ್ಸಾಗದ, ನಿಂತ ಚಾ ಕುಡದು ಹೋಗೋ ಗಿರಾಕಿಗೆ ಎಂಥಾ ಉಳಿತಾಯ ನೋಡ್ರಿ!

ಪರಚಿದ್ರ, ಕಚ್ಚಿದ್ರ ಮಾತ್ರ ನಿಮ್ಮ ಮನಿ ಮದ್ದು ಹಚ್ಚಬ್ಯಾಡ್ರಿ. ಸುಣ್ಣ, ಅರಿಶಿಣ, ಖಾರಪುಡಿ, ಕಾಫಿಪುಡಿ (ಗಾಯಕ್ಕೆ ಏನು ಹಚ್ಚತೀರೋ, ಅಡಿಗಿ ಮಾಡ್ತೀರೋ?) ಯಾವುದೂ ಬ್ಯಾಡ. ಸೋಪು ಹಚ್ಚಿ ನಳದ ಕೆಳಗ ಹದಿನೈದು ನಿಮಿಷ ತೊಳದು, ಸೀದಾ ದವಾಖಾನಿಗೆ. ಬೆಕ್ಕಿನಿಂದನೂ ರೇಬೀಸ್ ಬರ್ತೈತಿ. ಬಸುರಿ ಹೆಂಗಸರು ಬೆಕ್ಕಿನ ಹೇಲು ಬಳಿಯೋ ಕೆಲಸ ಮನಿ ಗಂಡಸರಿಗೆ ಒಪ್ಪಿಸಬೇಕು. ಇದು ನನ್ನ ಮಾತಲ್ಲ, ಡಾಕ್ಟರ ಮಾತು. ಗಂಡಸರ, ಮಾರಿ ಯಾಕ ಸಣ್ಣ ಮಾಡ್ತೀರಿ?

ಕಂಪ್ಲಿಯಾಗ ಅಕ್ಕನ ಮಗಳ ಮದುವಿ, ಮೂರು ದಿನ ಮನಿಗೆ ಬೀಗ ಅಂತ ಇಟ್ಕೋರಿ. "ಅದ ಬರ್ತೈತಿ, ಅದ ಹೋಗ್ತೈತಿ" ಅಂದವರು ನೀವು. ಬ್ಯಾಗ್ ತುಂಬೋವಾಗ ಯಾಕ ಹಿತ್ತಲ ಕಡಿ ನೋಡ್ತೀರಿ? ಒಣಮೀನಿನ ಡಬ್ಬಿ ಹಿಡ್ಕೊಂಡು ಪಕ್ಕದ ಮನಿಗೆ ಹೋಗ್ಬೇಕು ಈಗ. ನಳದ ನೀರಿನ ಜಗಳ ಆದಾಗಿಂದ ಅವರ ಜೋಡಿ ಮಾತಿಲ್ಲ. ಗೇಟಿನ ಮುಂದ ನಿಂತು ಎರಡು ಸಲ ಕೆಮ್ಮತೀರಿ. ಮೂರನೇ ಸಲ ಬಾಗಲು ತೆರೀತೈತಿ.

"ಕೆಂಚಗ ಸ್ವಲ್ಪ ಊಟ..." ಅಂತ ನೀವು ಶುರು ಮಾಡೋದರಾಗ ಪಕ್ಕದ ಮನಿ ಅಕ್ಕ ನಗ್ತಾರ. "ಕೆಂಚ ಯಾರ್ರಿ? ಆಕಿ ನಮ್ಮ ರಾಣಿ. ದಿನಾ ರಾತ್ರಿ ಉಣ್ಣೋದು ನಮ್ಮ ಮನಿಯಾಗ. ನಿನ್ನೆ ಅಟ್ಟದ ಮ್ಯಾಲೆ ಮೂರು ಮರಿ ಹಾಕ್ಯಾಳ, ಬರ್ರಿ ನೋಡಾಕ." ಎರಡು ವರ್ಷದಿಂದ ಗಂಡುಬೆಕ್ಕು ಅಂತ ತಿಳಕೊಂಡು ನೀವು ಏನೇನು ಗಂಡಸರ ಗುಟ್ಟು ಹೇಳೀರೋ ನಿಮಗ ಗೊತ್ತು! ನಳದ ಜಗಳದಾಗ ನಿಮ್ಮ ಕಡಿ ಮಾತೂ ಕೇಳೈತಿ, ಅವರ ಕಡಿ ಮಾತೂ ಕೇಳೈತಿ, ಎರಡೂ ಕಡಿ ಉಂಡೈತಿ.

ಚಾ ಇಡ್ತೀನಿ ಅಂದ್ರ ಬ್ಯಾಡ ಅನ್ನಬ್ಯಾಡ್ರಿ, ಕುಂದರ್ರಿ. ಮದುವಿ ಮುಗಿಸಿ ಬರುವಾಗ ಕಂಪ್ಲಿಯಿಂದ ಒಂದಷ್ಟು ಹೊಳಿ ಮೀನು ತರೋದು ಮರೀಬ್ಯಾಡ್ರಿ, ಎರಡು ಮನಿಗೆ ಆಗುವಷ್ಟು. (ತಾಯಿ ಈಗ ಹಾಲೂಡಸ್ತೈತಿ, ತಿನ್ನೋದು ಜಾಸ್ತಿ. ಲೆಕ್ಕ ಹಾಕಿ ತರ್ರಿ.)